ಒಂದೇ ಬಟ್ಟಲಿನಲ್ಲಿ ಎರಡು ಔಷಧ

ಹುಬ್ಬಳ್ಳಿಯ ದುರ್ಗದಬೈಲು ದಮ್ಮಿನವರಿಗೆ ಹಗುರವಾದ ಜಾಗವಲ್ಲ. ಬ್ರಾಡ್‌ವೇ, ಕೊಪ್ಪಿಕರ್ ರಸ್ತೆ, ದಾಜಿಬಾನಪೇಟೆಗಳ ಜನಸಂದಣಿ ಬಂದು ಕೂಡುವ ಈ ಪೇಟೆಯಲ್ಲಿ ಸಂಜೆಯಾದರೆ ಮಿರ್ಚಿ ಕರಿಯುವ ಎಣ್ಣೆಯ ಹೊಗೆ, ಒಗ್ಗರಣೆಯ ಘಾಟು, ಆಟೋಗಳ ಹೊಗೆ ಎಲ್ಲ ಒಂದರ ಮೇಲೊಂದು. ಬೇಸಿಗೆಯಲ್ಲಿ ಧೂಳು, ಮಳೆ ಹಿಡಿದರೆ ಗೋಡೆಯ ತೇವ, ಚಳಿಗಾಲದ ಬೆಳಗಿನಲ್ಲಿ ತಣ್ಣನೆಯ ಗಾಳಿ. ಉಬ್ಬಸ ಇದ್ದವರ ಶ್ವಾಸನಾಳವನ್ನು ಕೆರಳಿಸಲು ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಎದೆ ಕಟ್ಟಿದ ಮಗುವನ್ನು ಎತ್ತಿಕೊಂಡು ಮೊದಲು ಓಡುವುದು ಓಣಿಯ ದವಾಖಾನೆಗೆ, ಹೆಚ್ಚಾದರೆ ಜನ ಕಿಮ್ಸ್ ಎನ್ನುವ ವಿದ್ಯಾನಗರದ ದೊಡ್ಡಾಸ್ಪತ್ರೆಗೆ. ಆದರೆ ನೆಬುಲೈಸರ್ ಈಗ ದವಾಖಾನೆಯಲ್ಲಷ್ಟೇ ಇರುವ ಯಂತ್ರವಲ್ಲ. ಔಷಧದ ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯಬಹುದು, ಅದರ ಜೊತೆಗೆ ಪುಟ್ಟ ಪ್ಲಾಸ್ಟಿಕ್ ನಳಿಕೆಗಳಲ್ಲಿ ತುಂಬಿದ ಔಷಧವನ್ನೂ. ಒಂದು ನಳಿಕೆಯ ತುದಿ ತಿರುಚಿ ಮುರಿದು ಬಟ್ಟಲಿಗೆ ಹಿಂಡುತ್ತಾರೆ, ಇನ್ನೊಂದನ್ನೂ ಮುರಿದು ಅದರ ಮೇಲೆಯೇ ಹಿಂಡುತ್ತಾರೆ, ಮುಚ್ಚಳ ತಿರುವಿ ಗುಂಡಿ ಒತ್ತುತ್ತಾರೆ. ಮೊದಲನೆಯದು ನೀರಿನಂತೆ ತಿಳಿ, ಎರಡನೆಯದು ಮಜ್ಜಿಗೆ ತಿಳಿಯ ಬಣ್ಣದ್ದು. ಹೀಗೆ ಎರಡನ್ನು ಕೂಡಿಸಬಹುದೇ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ‘ಎಲ್ಲಾರೂ ಕೂಡಿಸೇ ಹಾಕ್ತಾರ, ಏನಾಗೂದಿಲ್ಲ’ ಎಂಬುದು ಒಂದು. ‘ಔಷಧಕ್ಕೆ ಔಷಧ ಕೂಡಿಸಲೇಬಾರದು’ ಎಂಬುದು ಇನ್ನೊಂದು. ಎರಡರಲ್ಲೂ ಒಂದೇ ದೋಷವಿದೆ: ಯಾವ ಔಷಧಕ್ಕೆ ಯಾವುದು ಎಂದು ಕೇಳದೆಯೇ ತೀರ್ಪು ಕೊಡುತ್ತವೆ. ಹೊಂದಾಣಿಕೆ ಎಂಬುದು ಒಂದು ಪ್ರಶ್ನೆಯಲ್ಲ, ನಾಲ್ಕು. ಕೂಡಿಸಿದಾಗ ದ್ರವ ಒಡೆಯದೆ, ಗಸಿ ಕಟ್ಟದೆ ಉಳಿಯುತ್ತದೆಯೇ? ಕಣ್ಣಿಗೆ ಸರಿ ಕಂಡರೂ ಒಳಗಿನ ಅಣುಗಳು ಕೆಡದೆ ಇರುತ್ತವೆಯೇ? ಆ ಮಿಶ್ರಣದಿಂದ ಏಳುವ ಮಂಜು ಶ್ವಾಸಕೋಶಕ್ಕೆ ಇಳಿಯುವಷ್ಟು ಸಣ್ಣ ಹನಿಗಳದ್ದೇ? ಕೊನೆಯದಾಗಿ, ಈ ಎರಡೂ ಔಷಧ ಈ ರೋಗಿಗೆ ಈ ಹೊತ್ತಿಗೆ ಬೇಕೇ? ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ಇರುವ ಜೋಡಿಗಳು ಇವೆ, ಆದರೆ ಕೆಲವೇ ಕೆಲವು. ಅವುಗಳನ್ನು ಧೈರ್ಯವಾಗಿ ಕೂಡಿಸಬಹುದು, ಉಳಿದವನ್ನು ಕೂಡಿಸಬಾರದು. ನನ್ನ ವಾದ ಇಷ್ಟೇ. ಆದರೆ ಅದು ನಿಲ್ಲಬೇಕಾದರೆ ಬಟ್ಟಲಿನೊಳಗೆ ಯಾರು ಯಾರು ಇದ್ದಾರೆಂದು ಮೊದಲು ನೋಡಬೇಕು.

ನಮ್ಮಲ್ಲಿ ಹೆಚ್ಚಾಗಿ ಬಟ್ಟಲಿಗೆ ಬೀಳುವವರು ಮೂವರು. ಒಂದು ಸಾಲ್ಬುಟಮಾಲ್, ಅಥವಾ ಅದರ ಒಂದು ಅರ್ಧವನ್ನಷ್ಟೇ ಬೇರ್ಪಡಿಸಿದ ಲೆವೋಸಾಲ್ಬುಟಮಾಲ್. ಬ್ರಿಟನ್ನಿನ ಡೇವಿಡ್ ಜ್ಯಾಕ್ ಅವರ ತಂಡ 1960ರ ದಶಕದಲ್ಲಿ ರೂಪಿಸಿದ ಸಾಲ್ಬುಟಮಾಲ್ ಶ್ವಾಸನಾಳದ ಸುತ್ತ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಎರಡನೆಯದು ಇಪ್ರಾಟ್ರೋಪಿಯಮ್. ಇದರ ವಂಶ ನಮ್ಮ ಹೊಲದ ಬದುವಿನ ಮದಗುಣಿಕೆ ಗಿಡದ ಹತ್ತಿರದ್ದು. ದತ್ತೂರದ ಜಾತಿಯ ಗಿಡಗಳ ಹೊಗೆಯನ್ನು ದಮ್ಮಿಗೆ ಸೇದುವ ಪದ್ಧತಿ ಈ ದೇಶದಲ್ಲಿ ಹಳೆಯದು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಅದನ್ನು ಮದ್ರಾಸಿನಿಂದ ಬ್ರಿಟನ್ನಿಗೆ ಒಯ್ದ. ಆ ಗಿಡಗಳಲ್ಲಿರುವ ಅಟ್ರೋಪಿನ್ ಅಣುವನ್ನು ತಿದ್ದಿ, ರಕ್ತಕ್ಕೂ ಮಿದುಳಿಗೂ ಅಷ್ಟಾಗಿ ಸೇರದಂತೆ ಮಾಡಿದ್ದೇ ಇಪ್ರಾಟ್ರೋಪಿಯಮ್. ಸ್ನಾಯುವನ್ನು ಬಿಗಿಯುವ ನರದ ಸಂದೇಶವನ್ನು ಅದು ತಡೆಯುತ್ತದೆ. ಮೂರನೆಯದು ಬುಡೆಸೊನೈಡ್ ಎಂಬ ಸ್ಟಿರಾಯ್ಡ್, ನಾಳದ ಒಳಗೋಡೆಯ ಊತವನ್ನು ಇಳಿಸುವಂಥದ್ದು. ಮೊದಲಿನ ಎರಡು ನೀರಿನಲ್ಲಿ ಪೂರ್ತಿ ಕರಗಿವೆ. ಮೂರನೆಯದು ಕರಗುವುದಿಲ್ಲ, ಕೆಲವೇ ಮೈಕ್ರಾನ್ ಗಾತ್ರದ ಕಣಗಳಾಗಿ ತೇಲುತ್ತಿರುತ್ತದೆ. ಅದಕ್ಕೇ ಅದು ಬೆಳ್ಳಗೆ ಕಾಣುವುದು, ಅದಕ್ಕೇ ನಳಿಕೆಯನ್ನು ಮೆಲ್ಲಗೆ ಅಲುಗಾಡಿಸಿ ಹಿಂಡಬೇಕಾದದ್ದು.

ಈ ಮೂವರೂ ಒಟ್ಟಿಗೆ ಬಾಳಬಲ್ಲರು ಎನ್ನಲು ಮೊದಲ ಕಾರಣ ಆಮ್ಲತೆ. ಮೂರರ ಪಿಎಚ್ ಸುಮಾರು 3ರಿಂದ 5ರ ನಡುವೆ ಇರುತ್ತದೆ. ಒಂದು ಆಮ್ಲೀಯ, ಇನ್ನೊಂದು ಕ್ಷಾರೀಯ ಆಗಿದ್ದರೆ ಹಾಲಿಗೆ ಲಿಂಬೆ ಹಿಂಡಿದಂತೆ ಕರಗಿದ್ದು ಗಸಿಯಾಗಿ ಹೊರಬೀಳುವ, ಅಣು ಒಡೆಯುವ ಸಂಭವ ಹೆಚ್ಚು. ಇಲ್ಲಿ ಆ ಎಳೆದಾಟ ಇಲ್ಲ. ಎರಡನೆಯ ಕಾರಣ ನೇರ ಪರೀಕ್ಷೆ. ಬುಡೆಸೊನೈಡನ್ನು ಸಾಲ್ಬುಟಮಾಲ್, ಲೆವೋಸಾಲ್ಬುಟಮಾಲ್, ಇಪ್ರಾಟ್ರೋಪಿಯಮ್, ಕ್ರೋಮೊಲಿನ್ ಎಂಬ ನಾಲ್ಕು ದ್ರಾವಣಗಳ ಜೊತೆ ಬೇರೆ ಬೇರೆಯಾಗಿ ಕೂಡಿಸಿ, ಅರ್ಧ ಗಂಟೆ ಇಟ್ಟು, ಪ್ರತಿ ಔಷಧ ಎಷ್ಟು ಉಳಿದಿದೆ ಎಂದು ಅಳೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ನಾಲ್ಕು ಜೋಡಿಗಳಲ್ಲೂ ಔಷಧ ಕೆಟ್ಟಿರಲಿಲ್ಲ. ಜರ್ಮನಿಯ ಮೈನ್ಸ್ ನಗರದ ಔಷಧಶಾಸ್ತ್ರಜ್ಞರು 2006ರಲ್ಲಿ ಇಂಥ ಅನೇಕ ಜೋಡಿಗಳ ಪಟ್ಟಿಯನ್ನೇ ಮಾಡಿದರು. ಆ ಪಟ್ಟಿಯಲ್ಲಿ ‘ಕೂಡದು’ ಎಂಬ ಸಾಲುಗಳೂ ಇವೆ. ಕ್ರೋಮೊಲಿನ್‌ಗೆ ಬೆಂಜಾಲ್ಕೋನಿಯಮ್ ಎಂಬ ಸಂರಕ್ಷಕ ಇರುವ ದ್ರಾವಣ ಬೆರೆತರೆ ತಿಳಿನೀರು ಕದಡುತ್ತದೆ. ಕಫ ಕರಗಿಸುವ ಡಾರ್ನೇಸ್ ಆಲ್ಫಾ ಒಂದು ಕಿಣ್ವ, ಅಂದರೆ ಸೂಕ್ಷ್ಮವಾಗಿ ಮಡಚಿಕೊಂಡ ಪ್ರೋಟೀನು. ಅದನ್ನು ಯಾವುದರ ಜೊತೆಗೂ ಬೆರೆಸಬಾರದೆಂದು ತಯಾರಕರೇ ಹೇಳುತ್ತಾರೆ. ಅಂದರೆ ‘ಕೂಡುತ್ತದೆ’ ಎಂಬುದು ಜೋಡಿಯ ಗುಣ, ಒಂದು ಔಷಧದ ಗುಣವಲ್ಲ. ಅ ಮತ್ತು ಆ ಕೂಡಿದವು, ಅ ಮತ್ತು ಇ ಕೂಡಿದವು ಎಂದಮಾತ್ರಕ್ಕೆ ಮೂರನ್ನೂ ಒಟ್ಟಿಗೆ ಸುರಿಯಬಹುದು ಎಂದಾಗುವುದಿಲ್ಲ.

ಇಷ್ಟಿದ್ದೂ ಒಂದು ವಿಚಿತ್ರ ಉಳಿಯುತ್ತದೆ. ಬುಡೆಸೊನೈಡಿನ ಮೂಲ ಬ್ರಾಂಡಾದ ಪಲ್ಮಿಕಾರ್ಟ್ ರೆಸ್ಪ್ಯೂಲ್ ನಳಿಕೆಗಳ ಬ್ರಿಟನ್ನಿನ ಮಾಹಿತಿ ಪತ್ರ ಅದನ್ನು ಸಾಲ್ಬುಟಮಾಲ್, ಇಪ್ರಾಟ್ರೋಪಿಯಮ್ ಮುಂತಾದವುಗಳ ಜೊತೆ ಕೂಡಿಸಬಹುದು, ಕೂಡಿಸಿದ್ದನ್ನು 30 ನಿಮಿಷದೊಳಗೆ ಬಳಸಬೇಕು ಎನ್ನುತ್ತದೆ. ಅದೇ ಔಷಧದ ಅಮೆರಿಕದ ಪತ್ರ ಇತರ ಔಷಧಗಳ ಜೊತೆ ಕೂಡಿಸುವುದರ ಪರಿಣಾಮವನ್ನು ಸಾಕಷ್ಟು ಪರೀಕ್ಷಿಸಿಲ್ಲ, ಬೇರೆಯಾಗಿಯೇ ಕೊಡಬೇಕು ಎನ್ನುತ್ತದೆ. ಔಷಧ ಒಂದೇ, ಬಟ್ಟಲು ಒಂದೇ, ಮಾತು ಎರಡು. ಇದನ್ನು ಕಂಡು ‘ವಿಜ್ಞಾನಿಗಳಿಗೇ ಗೊತ್ತಿಲ್ಲ’ ಎಂದು ಕೈಬಿಡುವುದು ಸುಲಭ. ಆದರೆ ಎರಡೂ ಪತ್ರಗಳು ಒಂದನ್ನೊಂದು ಅಲ್ಲಗಳೆಯುತ್ತಿಲ್ಲ. ಬಟ್ಟಲಿನೊಳಗೆ ಔಷಧ ಕೆಡುವುದಿಲ್ಲ ಎಂಬ ಸಾಕ್ಷ್ಯವನ್ನು ಒಂದು ಕಡೆ ಸಾಕೆಂದು ಒಪ್ಪಿದ್ದಾರೆ. ಇನ್ನೊಂದು ಕಡೆ ಬಟ್ಟಲಿನಿಂದ ಶ್ವಾಸಕೋಶದವರೆಗಿನ ದಾರಿಯ ಸಾಕ್ಷ್ಯವನ್ನೂ ಕೇಳುತ್ತಿದ್ದಾರೆ. ಮೇಲೆ ಹೇಳಿದ ಮೊದಲೆರಡು ಪ್ರಶ್ನೆಗಳಿಗೂ ಮೂರನೆಯದಕ್ಕೂ ಇರುವ ಅಂತರವೇ ಈ ಎರಡು ಪತ್ರಗಳ ಅಂತರ. ಹಾಗಾಗಿ ಆ ಮೂರನೆಯ ಪ್ರಶ್ನೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಸಾಮಾನ್ಯ ಜೆಟ್ ನೆಬುಲೈಸರಿನಲ್ಲಿ ಕಂಪ್ರೆಸರಿನ ಗಾಳಿ ಸಣ್ಣ ರಂಧ್ರದಿಂದ ರಭಸವಾಗಿ ನುಗ್ಗುತ್ತದೆ, ದ್ರವವನ್ನು ಮೇಲೆಳೆದು ಚೂರು ಮಾಡುತ್ತದೆ. 1ರಿಂದ 5 ಮೈಕ್ರಾನ್ ಗಾತ್ರದ ಹನಿಗಳು ಶ್ವಾಸಕೋಶಕ್ಕೆ ಇಳಿಯುತ್ತವೆ, ಅದಕ್ಕಿಂತ ದೊಡ್ಡವು ಬಾಯಿ ಗಂಟಲಲ್ಲೇ ಅಂಟುತ್ತವೆ. ಎಷ್ಟು ಹೊತ್ತು ನಡೆಸಿದರೂ ಬಟ್ಟಲಿನ ಗೋಡೆಗೆ, ತಳಕ್ಕೆ ಹತ್ತಿ ಸ್ವಲ್ಪ ದ್ರವ ಉಳಿದೇ ಉಳಿಯುತ್ತದೆ, ಯಂತ್ರಕ್ಕೆ ತಕ್ಕಂತೆ ಸುಮಾರು ಅರ್ಧದಿಂದ ಒಂದೂವರೆ ಮಿಲಿಲೀಟರ್. ಒಂದು ಮಿಲಿಲೀಟರ್ ಎಂದೇ ಹಿಡಿಯೋಣ. 2 ಮಿಲಿಲೀಟರಿನ ಬುಡೆಸೊನೈಡನ್ನು ಒಂದನ್ನೇ ಹಾಕಿದರೆ ಹೊರಬರುವುದು ಅರ್ಧದಷ್ಟು. 2.5 ಮಿಲಿಲೀಟರಿನ ಇನ್ನೊಂದು ನಳಿಕೆಯನ್ನು ಅದಕ್ಕೆ ಕೂಡಿಸಿ ಒಟ್ಟು 4.5 ಮಾಡಿದರೆ ಹೊರಬರುವುದು 3.5, ಅಂದರೆ ನೂರಕ್ಕೆ ಸುಮಾರು 78. ಬಟ್ಟಲಲ್ಲಿ ನೀರು ಆವಿಯಾಗಿ ಉಳಿದ ದ್ರವ ಗಟ್ಟಿಯಾಗುವುದರಿಂದ ನಿಜವಾದ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಆದರೂ ಲೆಕ್ಕ ವಾಲುವುದು ಈ ಕಡೆಗೇ. ಅಂದರೆ ಸರಿಯಾದ ಜೋಡಿಯಾದರೆ ಕೂಡಿಸುವುದರಿಂದ ಔಷಧ ಪೋಲಾಗುವುದು ಕಡಿಮೆಯೇ ಆಗಬಹುದು. ಇದಕ್ಕೆ ತೆರಬೇಕಾದ ಬೆಲೆ ಸಮಯ. ದ್ರವ ಹೆಚ್ಚಾದಷ್ಟೂ ಮಾಸ್ಕ್ ಹಿಡಿದು ಕೂರುವ ಹೊತ್ತು ಹೆಚ್ಚು, ಮಗು ಬೇಸತ್ತು ಅಳತೊಡಗಿದರೆ ಶ್ವಾಸಕೋಶ ಸೇರುವ ಪಾಲು ಕುಸಿಯುತ್ತದೆ. ಮೂರನೆಯ ನಳಿಕೆ, ಮೇಲೆ ಒಂದಿಷ್ಟು ಸಲೈನ್ ಉಪ್ಪುನೀರು ಎಂದು ತುಂಬುತ್ತ ಹೋಗಬಾರದೆನ್ನಲು ಇದೂ ಒಂದು ಕಾರಣ. ಯಂತ್ರದ ಜಾತಿಯೂ ಇಲ್ಲಿ ಮುಖ್ಯ. ಅಲ್ಟ್ರಾಸಾನಿಕ್ ಯಂತ್ರ ತೇಲುವ ಕಣಗಳನ್ನು ಹನಿಯೊಳಗೆ ಸರಿಯಾಗಿ ಎತ್ತುವುದಿಲ್ಲ, ಆದ್ದರಿಂದ ಬುಡೆಸೊನೈಡನ್ನು ಅದರಲ್ಲಿ ಹಾಕಬಾರದು. ಹಾಕಿದರೆ ನೀರು ಮಂಜಾಗಿ ಹೋಗುತ್ತದೆ, ಔಷಧ ಬಟ್ಟಲಲ್ಲೇ ಉಳಿಯುತ್ತದೆ. ನೋಡುವವರಿಗೆ ಮಾತ್ರ ಎಲ್ಲ ಸರಿಯಾಗಿ ನಡೆದಂತೆ ಕಾಣುತ್ತದೆ.

ಔಷಧದ ಹೆಸರಿನಲ್ಲಿ ಕಾಣದೆ ಬಟ್ಟಲಿಗೆ ಬರುವವರೂ ಇದ್ದಾರೆ. ಒಂದೇ ಸಲ ಬಳಸುವ ನಳಿಕೆಗಳಲ್ಲಿ ಸಾಮಾನ್ಯವಾಗಿ ಸಂರಕ್ಷಕ ಇರುವುದಿಲ್ಲ. ಹನಿ ಹನಿಯಾಗಿ ಅನೇಕ ದಿನ ಬಳಸುವ ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಬೆಂಜಾಲ್ಕೋನಿಯಮ್‌ನಂಥದ್ದನ್ನು ಸೇರಿಸಿರುತ್ತಾರೆ. ಈ ಸಂರಕ್ಷಕವೇ ಶ್ವಾಸನಾಳವನ್ನು ಬಿಗಿಯಬಲ್ಲದು. ಇಪ್ರಾಟ್ರೋಪಿಯಮ್ ಕೊಟ್ಟ ಕೆಲವರಿಗೆ ಉಸಿರು ಸಡಿಲಾಗುವ ಬದಲು ಕಟ್ಟಿದ್ದೇಕೆ ಎಂದು ಹುಡುಕಿದ ಬೀಸ್ಲಿ, ರಾಫರ್ಟಿ, ಹೋಲ್ಗೇಟ್ ಎಂಬ ಸಂಶೋಧಕರು 1987ರಲ್ಲಿ ಬೊಟ್ಟು ಮಾಡಿದ್ದು ಔಷಧದ ಕಡೆಗಲ್ಲ, ಅದರೊಳಗಿನ ಸಂರಕ್ಷಕಗಳ ಕಡೆಗೆ. ಹಾಗೆಂದು ಸಂರಕ್ಷಕ ಸುಮ್ಮನೆ ಸೇರಿಸಿದ್ದಲ್ಲ. ಹಲವರಿಗೆ ಬಳಸುವ ಬಾಟಲಿಯ ಸಾಲ್ಬುಟಮಾಲ್ ಕಲುಷಿತವಾಗಿ ಆಸ್ಪತ್ರೆಯ ರೋಗಿಗಳಿಗೆ ಬರ್ಖೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಹರಡಿದ ಪ್ರಕರಣವೂ ವೈದ್ಯಕೀಯ ದಾಖಲೆಯಲ್ಲಿದೆ. ಎರಡು ಬಾಟಲಿಗಳಿಂದ ಹನಿ ತೆಗೆದು ಕೂಡಿಸಿದರೆ ಸಂರಕ್ಷಕವೂ ಎರಡು ಪಾಲು. ಬೆರೆಸುವ ನೀರಿನದೂ ಇದೇ ಕತೆ. 0.9 ಶೇಕಡಾ ಉಪ್ಪಿನ ಸಲೈನ್ ಇಲ್ಲವೆಂದು ಡಿಸ್ಟಿಲ್ಡ್ ವಾಟರ್ ಹಾಕುವವರಿದ್ದಾರೆ. ಆದರೆ ಉಬ್ಬಸ ಇದೆಯೇ ಎಂದು ಪರೀಕ್ಷಿಸಲು, ಶ್ವಾಸನಾಳವನ್ನು ಬೇಕೆಂದೇ ಕೆರಳಿಸಲು ವೈದ್ಯರು ಬಳಸಿದ ವಸ್ತುಗಳಲ್ಲಿ ಶುದ್ಧ ನೀರಿನ ಮಂಜೂ ಒಂದು. ಉಪ್ಪಿಲ್ಲದ ನೀರು ಶುದ್ಧವಾದ ಮಾತ್ರಕ್ಕೆ ಶ್ವಾಸನಾಳಕ್ಕೆ ಹಿತವಾಗುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಅನುಭವದ್ದು: ‘ಇಷ್ಟು ವರ್ಷದಿಂದ ಕೂಡಿಸುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ.’ ಈ ಮಾತಿನಲ್ಲಿ ಸತ್ಯವಿದೆ. ಸಾಲ್ಬುಟಮಾಲ್, ಇಪ್ರಾಟ್ರೋಪಿಯಮ್, ಬುಡೆಸೊನೈಡ್ ಜೋಡಿಗಳ ಬಗ್ಗೆ ಪ್ರಯೋಗಾಲಯ ಹೇಳುವುದೂ ಅದನ್ನೇ. ಆದರೆ ಬಟ್ಟಲಿನ ಹೊಂದಾಣಿಕೆ ತಪ್ಪಿದಾಗ ಬಹುಪಾಲು ಆಗುವುದು ಅಪಾಯವಲ್ಲ, ನಷ್ಟ. ಔಷಧದ ಒಂದು ಪಾಲು ಕೆಲಸಕ್ಕೆ ಬಾರದೆ ಹೋಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗುವಿನ ಉಸಿರು ಇಳಿಯುವುದು ತಡವಾದರೆ ನಾವು ‘ಈ ಸಲ ಕಫ ಜಾಸ್ತಿ’ ಎನ್ನುತ್ತೇವೆಯೇ ಹೊರತು ‘ಬಟ್ಟಲಲ್ಲಿ ಔಷಧ ಕೆಟ್ಟಿತು’ ಎನ್ನುವುದಿಲ್ಲ. ಕಾಣುವಂತೆಯೇ ಇಲ್ಲದ ನಷ್ಟವನ್ನು ಅನುಭವ ಎಣಿಸಲಾರದು, ಅದಕ್ಕೆ ಅಳತೆಯೇ ಬೇಕು. ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು: ‘ಒಂದರ ಹಿಂದೆ ಒಂದು ಕೊಟ್ಟರೂ ಎದೆಯೊಳಗೆ ಹೋಗಿ ಎರಡೂ ಕೂಡುತ್ತವಲ್ಲ?’ ಕೂಡುತ್ತವೆ, ಆದರೆ ಬಟ್ಟಲಿನಂತೆ ಅಲ್ಲ. ಬಟ್ಟಲಲ್ಲಿ ಅವು ಗಟ್ಟಿಯಾಗಿ, ಹತ್ತಾರು ನಿಮಿಷ ಜೊತೆಯಾಗಿ ಇರುತ್ತವೆ. ಶ್ವಾಸಕೋಶದಲ್ಲಿ ಅಗಾಧ ವಿಸ್ತಾರದ ತೆಳು ಪದರದ ಮೇಲೆ ಚೆದುರಿ ತೆಳುವಾಗುತ್ತವೆ, ದೇಹದ ದ್ರವ ಆಮ್ಲತೆಯನ್ನು ಸರಿದೂಗಿಸುತ್ತದೆ. ದೇಹ ತಡೆದುಕೊಳ್ಳುತ್ತದೆ ಎಂಬುದು ಬಟ್ಟಲಿಗೆ ಪ್ರಮಾಣಪತ್ರವಾಗದು.

ಈ ಗೊಂದಲ ನಿಜಕ್ಕೂ ಅಪಾಯವಾಗುವುದು ಇಂಜೆಕ್ಷನ್ನಿನ ಸೀಸೆಗಳು ಬಟ್ಟಲಿನ ಹತ್ತಿರ ಬಂದಾಗ. ‘ರಕ್ತಕ್ಕೇ ಕೊಡುವ ಔಷಧ ಎದೆಗೆ ಕೊಟ್ಟರೇನು’ ಎಂಬ ತರ್ಕ ಕೇಳಲು ಸರಿಯೆನಿಸುತ್ತದೆ. ಅಮಿನೋಫಿಲಿನ್ ಇಂಜೆಕ್ಷನ್ನಿನ ಪಿಎಚ್ ಸುಮಾರು 9, ಸಾಲ್ಬುಟಮಾಲಿನ ಬಟ್ಟಲಿಗೆ ಅದು ಪೂರ್ತಿ ಪರಕೀಯ. ಅಡ್ರಿನಲಿನ್ ಕ್ಷಾರದಲ್ಲಿ ಬೇಗ ಆಕ್ಸಿಡೈಸ್ ಆಗಿ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಸೋಡಾ ಬೈಕಾರ್ಬ್ ಸೇರಿಸುವುದೆಂದರೆ ಕೊಟ್ಟ ಕೈಯಿಂದಲೇ ಕಸಿದುಕೊಂಡಂತೆ. ಹಲವು ಇಂಜೆಕ್ಷನ್ನುಗಳಲ್ಲಿ ಸಲ್ಫೈಟ್ ಇರುತ್ತದೆ, ಅದು ಕೆಲವು ಉಬ್ಬಸ ರೋಗಿಗಳಲ್ಲಿ ದಮ್ಮನ್ನೇ ಎಬ್ಬಿಸಬಲ್ಲದು. ಗಂಟಲಿನ ಊತದಿಂದ ಮಗುವಿಗೆ ಉಸಿರು ಕಟ್ಟಿದಾಗ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಅನ್ನು ಮಂಜಾಗಿ ಕೊಡುವುದುಂಟು. ಆದರೆ ಅದು ಅಳೆದು ನೋಡಿದ, ವೈದ್ಯರ ಕಣ್ಣೆದುರಿನ ಚಿಕಿತ್ಸೆ. ಸಿಕ್ಕಿದ ಸೀಸೆಯನ್ನೆಲ್ಲ ಬಟ್ಟಲಿಗೆ ಸುರಿಯಲು ಅದರಿಂದ ಪರವಾನಗಿ ಸಿಕ್ಕಂತಾಗುವುದಿಲ್ಲ.

ಎರಡೂ ಔಷಧ ಈ ರೋಗಿಗೆ ಬೇಕೇ ಎಂಬ ನಾಲ್ಕನೆಯ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ಡ್ಯುಯೋಲಿನ್ ಎಂಬ ಬ್ರಾಂಡಿನ ನಳಿಕೆಯಲ್ಲಿ 1.25 ಮಿಲಿಗ್ರಾಂ ಲೆವೋಸಾಲ್ಬುಟಮಾಲ್ ಮತ್ತು 500 ಮೈಕ್ರೋಗ್ರಾಂ ಇಪ್ರಾಟ್ರೋಪಿಯಮ್ ಇರುತ್ತವೆ, ಕಾರ್ಖಾನೆಯಲ್ಲೇ ಕೂಡಿಸಿ ಪರೀಕ್ಷಿಸಿದ ಜೋಡಿ ಅದು. ಅದಕ್ಕೆ ಅಸ್ತಾಲಿನ್ ನಳಿಕೆಯನ್ನೂ ಹಿಂಡಿದರೆ ಬಟ್ಟಲು ತಿಳಿಯಾಗಿಯೇ ಇರುತ್ತದೆ, ಯಾವ ಅಣುವೂ ಕೆಡುವುದಿಲ್ಲ. ಆದರೆ ಅಸ್ತಾಲಿನ್ ಎಂದರೆ ಸಾಲ್ಬುಟಮಾಲ್. ಅದರ 2.5 ಮಿಲಿಗ್ರಾಂ 1.25 ಮಿಲಿಗ್ರಾಂ ಲೆವೋಸಾಲ್ಬುಟಮಾಲಿಗೆ ಸರಿಸುಮಾರು ಸಮ. ಹೆಸರು ಎರಡು, ಔಷಧ ಒಂದೇ, ಪ್ರಮಾಣ ಇಮ್ಮಡಿ. ಜೋರಾದ ದಮ್ಮಿನಲ್ಲಿ ವೈದ್ಯರು ಬೇಕೆಂದೇ ಅಷ್ಟು ಕೊಡಬಹುದು, ಮನೆಯಲ್ಲಿ ತಿಳಿಯದೆ ಕೊಟ್ಟರೆ ಕೈ ನಡುಗುತ್ತದೆ, ಎದೆ ಬಡಿತ ಏರುತ್ತದೆ, ರಕ್ತದ ಪೊಟ್ಯಾಸಿಯಮ್ ಇಳಿಯುತ್ತದೆ. ಇನ್ನೊಂದು ಕಡೆ, ಸಾಲ್ಬುಟಮಾಲಿಗೆ ಇಪ್ರಾಟ್ರೋಪಿಯಮ್ ಸೇರಿಸಿದರೆ ಮಧ್ಯಮದಿಂದ ತೀವ್ರ ದಮ್ಮಿನ ಮಕ್ಕಳಲ್ಲಿ ಆಸ್ಪತ್ರೆಗೆ ದಾಖಲಾಗುವುದು ಕಡಿಮೆಯಾಗುತ್ತದೆ ಎಂಬುದನ್ನು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ. ಹಗುರ ದಮ್ಮಿಗೆ ಆ ಲಾಭ ಅಷ್ಟಾಗಿ ಕಂಡಿಲ್ಲ. ಮಾಸ್ಕ್ ಸಡಿಲಾಗಿ ಇಪ್ರಾಟ್ರೋಪಿಯಮ್ ಮಂಜು ಕಣ್ಣಿಗೆ ಹೋದರೆ ಪಾಪೆ ಹಿಗ್ಗಬಹುದು, ಕೆಲವು ವಯಸ್ಸಾದವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಕೆರಳಬಹುದು. ಹಿರಿಯರಿಗೆ ಮಾಸ್ಕಿಗಿಂತ ಬಾಯಲ್ಲಿ ಕಚ್ಚಿ ಹಿಡಿಯುವ ಮೌತ್‌ಪೀಸ್ ಒಳ್ಳೆಯದು ಎನ್ನುವುದು ಅದಕ್ಕೇ. ಹೊಂದುವುದು ಬೇರೆ, ಬೇಕಾಗುವುದು ಬೇರೆ.

‘ಉಸಿರು ಕಟ್ಟಿ ಮಗು ಒದ್ದಾಡುವಾಗ ಇಷ್ಟೆಲ್ಲ ಪ್ರಶ್ನೆ ಕೇಳುತ್ತ ಕೂರಲಾದೀತೇ?’ ಎಂಬುದು ಕೊನೆಯ ಆಕ್ಷೇಪ. ಖಂಡಿತ ಆಗದು, ಅದಕ್ಕೇ ಈ ಪ್ರಶ್ನೆಗಳನ್ನು ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಆತುರದ ಹೊತ್ತಿಗೆ ಬಟ್ಟಲೇ ಇಲ್ಲದ ದಾರಿಯೂ ಇದೆ. ಇನ್ಹೇಲರ್ ಪಂಪನ್ನು ಸ್ಪೇಸರ್ ಎಂಬ ಟೊಳ್ಳು ಕೊಳವೆಗೆ ಸಿಕ್ಕಿಸಿ ಒತ್ತಿದರೆ ಅದು ನೆಬುಲೈಸರಿಗೆ ಕಡಿಮೆಯಿಲ್ಲವೆಂದು, ಪ್ರಾಣಾಪಾಯದ ಮಟ್ಟಕ್ಕೆ ಹೋಗದ ದಮ್ಮಿನಲ್ಲಿ ಮತ್ತೆ ಮತ್ತೆ ತೋರಿಸಲಾಗಿದೆ. ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು 1999ರಲ್ಲಿ 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ತಯಾರಿಸಿದ ಸ್ಪೇಸರು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಅಲ್ಲಿ ಸಲೈನ್ ಇಲ್ಲ, ಸಂರಕ್ಷಕದ ಹನಿ ಇಲ್ಲ, ಬಟ್ಟಲ ತಳದಲ್ಲಿ ಉಳಿಯುವ ಔಷಧವೂ ಇಲ್ಲ. ತುಟಿ ನೀಲಿಯಾದರೆ, ಮಾತು ಪೂರ್ತಿ ಮಾಡಲಾಗದಷ್ಟು ಉಸಿರು ಕಟ್ಟಿದರೆ, ಔಷಧ ಕೊಟ್ಟರೂ ಇಳಿಯದಿದ್ದರೆ ಆಗ ಯಾವ ಜೋಡಿಯ ವಿಚಾರವೂ ಬೇಡ, ಆಮ್ಲಜನಕ ಇರುವ ಆಸ್ಪತ್ರೆಗೆ ಹೋಗಬೇಕು.

ಬೆಂಗಳೂರಿನ ಮಕ್ಕಳ ವೈದ್ಯ ಎಚ್. ಪರಮೇಶ್ ತಮ್ಮಲ್ಲಿಗೆ ಬಂದ ಮಕ್ಕಳಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತೆಂದು ದಾಖಲಿಸಿದರು. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ಊರಿನ ಲೆಕ್ಕವೆಂದು ಓದಬಾರದು, ಆದರೂ ನಗರ, ವಾಹನ, ಹೊಗೆ ಬೆಳೆದಂತೆ ಈ ರೋಗ ಎತ್ತ ನಡೆದಿದೆ ಎಂಬುದು ಅದರಿಂದ ತಿಳಿಯುತ್ತದೆ. ಇಷ್ಟು ಮನೆಗಳಿಗೆ ಹೊಕ್ಕ ರೋಗದ ಔಷಧವನ್ನು ಬಾಯಿಮಾತಿನ ಮೇಲೆ ಕೂಡಿಸುವಂತಿರಬಾರದು. ವೈದ್ಯರ ಚೀಟಿಯಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಇದ್ದರೆ ಸಾಕು: ಯಾವ ನಳಿಕೆ, ಒಟ್ಟಿಗೋ ಬೇರೆಯಾಗಿಯೋ, ಸಲೈನ್ ಬೇಕೋ ಬೇಡವೋ, ದಿನಕ್ಕೆ ಎಷ್ಟು ಸಲ. ಅಂಗಡಿಯವರು ನಳಿಕೆ ಕೊಡುವಾಗ ಅದನ್ನೇ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಕೂಡಿಸಿದ್ದನ್ನು ಆಗಲೇ ಬಳಸಬೇಕು, ಉಳಿದದ್ದನ್ನು ಸಂಜೆಗೆಂದು ಎತ್ತಿಡದೆ ಚೆಲ್ಲಬೇಕು, ಸ್ಟಿರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಮುಖ ತೊಳೆಯಬೇಕು. ಐದನೆಯ ಸಾಲೊಂದು ಇದ್ದರೆ ಅದು ಎಲ್ಲಕ್ಕಿಂತ ಮುಖ್ಯ: ದಿನವೂ ತೆಗೆದುಕೊಳ್ಳುವ ತಡೆ ಔಷಧ ಯಾವುದು. ಉಸಿರು ಸಡಿಲಿಸುವ ಔಷಧವೊಂದನ್ನೇ ನಂಬಿ ಉಬ್ಬಸವನ್ನು ನಿಭಾಯಿಸುವುದನ್ನು ಗೀನಾ ಎಂಬ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ 2019ರಲ್ಲೇ ಹರೆಯದವರಿಗೂ ದೊಡ್ಡವರಿಗೂ ಬೇಡವೆಂದಿದೆ. ತಿಂಗಳಿಗೆ ಹಲವು ಸಲ ನೆಬುಲೈಸರ್ ಹಚ್ಚಬೇಕಾಗುವ ಮನೆಯಲ್ಲಿ ಬಟ್ಟಲಿನೊಳಗಿನ ಜೋಡಿ ಸರಿಯಾಗಿದ್ದರೂ ಚಿಕಿತ್ಸೆ ಸರಿಯಾಗಿಲ್ಲ. ಅಂಥವರು ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಮೊದಲು ಎತ್ತಬೇಕಾದ ಮಾತು ಆ ಐದನೆಯ ಸಾಲಿನದು. ಎರಡು ನಳಿಕೆ ಕೂಡಿಸುವ ಮಾತು ಆಮೇಲಿನದು.